ಜಲಬಾಧೆ

ನಾಲ್ಕು ವರ್ಷದ ಹಿಂದೆ ನಾನು ಬಂಗಾರಪೇಟೆ ರೈಲು ನಿಲ್ದಾಣದ ಎದುರು ಅರ್ಜಿ ಬರೆದುಕೊಡುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಹಮ್ಮು ಮಾತ್ರ ಪಂಡಿತರದು. ಒಂದೇ ಪದ ಎರಡು ಸಲ ಬಂದರೆ ಬರೆದವನಿಗೆ ಅವಮಾನ ಎಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಕೆಜಿಎಫ್‌ನ ಮೈಸೂರು ಮೈನ್ಸ್ ಕಾಲೊನಿಯ ಸೆಲ್ವಿ ಬಂದಳು. ಮನೆಮಾತು ತಮಿಳು, ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವಳು. ಬೇತಮಂಗಲದ ಕೆರೆಯಿಂದ ಬರುವ ಕೊಳಾಯಿ ನೀರು ಅವರ ಬೀದಿಯ ಕೊನೆಯ ಮನೆಗಳನ್ನು ಮುಟ್ಟುತ್ತಿರಲಿಲ್ಲ. ಅರ್ಜಿ ಬರೆದು ಓದಿಕೊಂಡರೆ ಸಾಲುಸಾಲಿಗೂ ‘ನೀರಿನ ತೊಂದರೆ’. ತಿದ್ದಿದೆ. ಒಂದು ಕಡೆ ಸಂಕಷ್ಟ, ಇನ್ನೊಂದು ಕಡೆ ಬವಣೆ. ಮತ್ತೊಂದು ಕಡೆ ನೀರನ್ನು ಜಲ ಮಾಡಿ, ತೊಂದರೆಯನ್ನು ಬಾಧೆ ಮಾಡಿದೆ.

ಕೆಜಿಎಫ್‌ನ ಅಹವಾಲು ಸಭೆಗೆ ನಾನೂ ಹೋಗಿದ್ದೆ. ಗುಮಾಸ್ತರು ಗಟ್ಟಿಯಾಗಿ ಓದಿದರು: “ನಮ್ಮ ಬೀದಿಯ ಹೆಂಗಸರು ಜಲಬಾಧೆಯಿಂದ ನರಳುತ್ತಿದ್ದು...” ಅಲ್ಲಿಗೆ ನಿಂತರು.

ಹಿಂದಿನಿಂದ ಯಾರೋ ಕೂಗಿದ: “ಅದುಕ್ಕ್ಯಾಕಮ್ಮ ಇಲ್ಲಿಗ್ ಬಂದೆ? ಬಸ್‌ಸ್ಟ್ಯಾಂಡ್ ಇಂದ್ಗಡೆ ಓಗು!”

ಸಭೆ ಬಿದ್ದುಬಿದ್ದು ನಕ್ಕಿತು. ಜಲಬಾಧೆ ಎಂದರೆ ಮೂತ್ರದ ಅವಸರ ಎಂಬುದು ಆಗ ನನಗೆ ಹೊಳೆಯಿತು.

“ಯಾಕಣ್ಣಾ ನಗ್ತಾರೆ?” ಎಂದಳು ಸೆಲ್ವಿ.

“ನೀನು ಹೇಳಿದ್ದೇ ಹಂಗಮ್ಮ. ನಿನ್ನ ಕನ್ನಡ ಕಲಬೆರಕೆ,” ಎಂದುಬಿಟ್ಟೆ. ಅವಳು ತಲೆ ತಗ್ಗಿಸಿ ಹೊರನಡೆದಳು. ಅರ್ಜಿ ಮುಂದಿನ ಸಭೆಗೆ ಹೋಯಿತು.

ವಾರ ಕಳೆದು ಮತ್ತೆ ಬಂದಳು. “ಅಣ್ಣಾ, ನನ್ ಕನ್ನಡಾನ ಸರಿಮಾಡಿ ಬರ್ಕೊಡು. ಮಾನ ಓದ್ರೆ ಓಗ್ಲಿ, ನೀರು ಬೇಕು.”

ನನಗೆ ಮುಖ ಎತ್ತಲಾಗಲಿಲ್ಲ. ಹಳೆಯ ಅರ್ಜಿ ಮುಂದಿಟ್ಟುಕೊಂಡು, ತೊಂದರೆ, ಬವಣೆ, ಬಾಧೆ ಇದ್ದ ಕಡೆಯೆಲ್ಲ “ಏನಾಯ್ತು?” ಎಂದು ಕೇಳಿದೆ.

“ಮೇಲಿನ ಮನೆಯೋರು ನೀರು ಇಡಿಯೋಷ್ಟ್ರಲ್ಲಿ ನಮ್ ಕೊಳಾಯಿ ಗೊರ್ ಅಂತದೆ. ಬಿಂದ್ಗೆ ಒತ್ತು ಒತ್ತು ರೈಲು ತಪ್ತದೆ. ಎದ್ದೇಳಕ್ಕಾಗ್ದ ಅತ್ತೆಗೆ ಮೈ ತೊಳೆಯಕ್ಕೆ ಒಂದೇ ಚೊಂಬು.”

ಅದನ್ನೇ ಬರೆದೆ. ತೊಂದರೆ ಎಂಬ ಪದ ಎಲ್ಲೂ ಬೇಕಾಗಲಿಲ್ಲ. ನೀರು ಎಂಬ ಪದ ಮಾತ್ರ ಮತ್ತೆ ಮತ್ತೆ ಬಂತು, ನಾನು ಅದನ್ನು ತಿದ್ದಲಿಲ್ಲ.

ಈ ಸಲ ಯಾರೂ ನಗಲಿಲ್ಲ. ಎಂಜಿನಿಯರ್ ಬಂದು ಕೆಳಗಿನ ಮನೆಗಳಿಗೆ ಬೇರೆ ವಾಲ್ವ್ ಹಾಕಿಸಿದರು. ಸುದ್ದಿ ತಂದ ಸೆಲ್ವಿಯ ಮುಂದೆ ಒಪ್ಪಿಕೊಂಡೆ: “ಆ ಪದ ನಂದಮ್ಮ, ನಿಂದಲ್ಲ.”

“ಗೊತ್ತಣ್ಣಾ. ನಾನು ನೀರಿಗೆ ತಣ್ಣಿ ಅನ್ನೋಳು, ನನ್ ಬಾಯಲ್ಲಿ ಜಲ ಎಲ್ಲಿಂದ ಬತ್ತದೆ? ಅದುಕ್ಕೇ ನನ್ ಕನ್ನಡ ಸರಿಮಾಡು ಅಂದಿದ್ದು. ನಿಜಾನ ನೀನಾಗೇ ಏಳ್ಲೀಂತ.”

ಪದ ಮರುಕಳಿಸಿದರೆ ಈಗ ನಾನು ಅದರ ಅಣ್ಣತಮ್ಮಂದಿರನ್ನು ಹುಡುಕುವುದಿಲ್ಲ. ಏನಾಯ್ತು ಎಂದು ಕೇಳುತ್ತೇನೆ. ಉತ್ತರ ಸಿಕ್ಕರೆ ಸವೆದ ಪದ ತಾನೇ ಎದ್ದುಹೋಗುತ್ತದೆ. ಹೋಗದೆ ಕೂತರೆ, ಅದು ಸೆಲ್ವಿಯ ನೀರಿನಂತೆ ಅವರಿಗೆ ಬೇಕಾದ ಪದ, ಬಿಟ್ಟುಬಿಡುತ್ತೇನೆ.