ಅಕ್ಕಡಿ ಸಾಲಿನ ಭಯ

ನಮ್ಮ ಚರ್ಚಿನ ಸಭೆಯವರು ನನ್ನನ್ನು ದೈವಭಯವುಳ್ಳವನು ಎನ್ನುತ್ತಾರೆ. ಮಾತು ನಿಜ, ಆದರೆ ಅದು ಅವರು ತಿಳಿದಷ್ಟು ದೊಡ್ಡ ಗುಣವಲ್ಲ. ನನಗೆ ಶಾಲೆಯ ಇನ್‌ಸ್ಪೆಕ್ಟರನ್ನು ಕಂಡರೂ ಭಯ, ಬೀದಿಯ ಹೋರಿಯನ್ನು ಕಂಡರೂ ಭಯ. ದೇವರೆಂದರೆ ಒಂದು ಕೈ ಹೆಚ್ಚು, ಅಷ್ಟೇ.

ಜಡಿಗೇನಹಳ್ಳಿಯ ಕಡೆ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿ, ಒಂದಿಷ್ಟು ಹೊಲವನ್ನೂ ಮಾಡಿಕೊಂಡಿದ್ದೆ. ಬೆಳಗಿನ ಪ್ರಾರ್ಥನೆಯಲ್ಲಿ ಯೇಸುಸ್ವಾಮಿಯ ಕಥೆಗಳನ್ನು ಓದುತ್ತಿದ್ದಷ್ಟು ದಿನ ಮನೆಯಲ್ಲಿ ನೆಮ್ಮದಿಯಿತ್ತು. ಯುದ್ಧ ನಡೆಯುತ್ತಿದ್ದ ವರ್ಷ ಪಾದ್ರಿಗಳು ಬೈಬಲಿನ ಹಳೆಯ ಭಾಗದ ಮೋಶೆಯ ಧರ್ಮಶಾಸ್ತ್ರವನ್ನೂ ದಿನಕ್ಕೊಂದು ಅಧ್ಯಾಯ ಓದಿ ಎಂದರು. ಅಂದಿನಿಂದ ಆ ನೆಮ್ಮದಿ ಹೋಯಿತು. ಎರಡು ಬಗೆಯ ನೂಲು ಬೆರೆತ ಬಟ್ಟೆ ಕೂಡದು ಎಂದಿತ್ತು. ಉಣ್ಣೆ ಕೋಟಿನ ಹತ್ತಿಯ ಅಸ್ತರನ್ನು ಕಿತ್ತೆಸೆದೆ. ಕೋಟು ಮೈ ಕಡಿಯತೊಡಗಿತು. ಧರ್ಮವೆಂದರೆ ಒಂದಿಷ್ಟು ಕಡಿಯಬೇಕು ಎಂದು ಸಹಿಸಿಕೊಂಡೆ.

ಅದೇ ವಾಕ್ಯದಲ್ಲಿ ಇನ್ನೊಂದು ಮಾತಿತ್ತು: ಒಂದು ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬಾರದು. ನಮ್ಮ ಸೀಮೆಯಲ್ಲಿ ರಾಗಿಯ ನಡುನಡುವೆ ಅವರೆಯ ಅಕ್ಕಡಿ ಸಾಲು ಹಾಕದವರು ಯಾರು? ಕೂರಿಗೆಯ ಹಿಂದೆ ನಡೆಯುತ್ತ ಅವರೆಬೀಜ ಬಿಡುವುದು ನನ್ನ ಹೆಂಡತಿ ರತ್ನಮ್ಮನ ಕೆಲಸ. ಈ ವರ್ಷ ಬೇಡವೆಂದೆ.

“ನಮ್ಮಪ್ಪ, ನಮ್ಮಜ್ಜ ಎಲ್ಲಾ ಹಾಕ್ದೋರೇ. ದೇವ್ರು ಅವರ ರಾಗಿ ಸುಟ್ಬಿಟ್ನಾ?” ಎಂದಳು.

ಅವರು ಓದಿರಲಿಲ್ಲ, ನಾವು ಓದಿಬಿಟ್ಟಿದ್ದೇವೆ ಎಂದೆ. ಪಾದ್ರಿಗಳನ್ನು ಕೇಳಬಹುದಿತ್ತು, ಕೇಳುವುದಕ್ಕೂ ಭಯ. ಬರೀ ರಾಗಿ ಬಿತ್ತಿದೆವು. ತೆನೆ ಚೆನ್ನಾಗಿಯೇ ಬಂತು. ಗಂಡಾಂತರ ಕಳೆಯಿತೆಂದು ನಾನು ಕೃತಜ್ಞತಾ ಪ್ರಾರ್ಥನೆಯನ್ನೂ ಮಾಡಿದೆ.

ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಮುನಿಯಮ್ಮ ಬುಟ್ಟಿ ಹಿಡಿದು ಬಂದು ಬರೀ ಕೂಳೆಯ ಹೊಲದಲ್ಲಿ ನಿಂತಿದ್ದಳು. ಗಂಡನಿಲ್ಲದ ಹೆಂಗಸು, ಮನೆಯಲ್ಲಿ ಮೂರು ಮಕ್ಕಳು. ರಾಗಿ ಕೊಯ್ದ ಮೇಲೂ ಅವರೆ ಗಿಡ ಹೊಲದಲ್ಲಿ ನಿಂತಿರುತ್ತದೆ. ನಾವು ಬಿಡಿಸಿಕೊಂಡು ಉಳಿದ ಕಾಯಿ ಪ್ರತಿವರ್ಷ ಅವಳದು. ಕೊಟ್ಟೆವೆಂದು ನಾವು ಹೇಳಿದ್ದಿಲ್ಲ, ತಗೊಂಡೆನೆಂದು ಅವಳು ಹೇಳಿದ್ದಿಲ್ಲ. ಅವರೆ ಯಾಕಿಲ್ಲವೆಂದು ಕೇಳಿದಳು. ನಮ್ಮ ಶಾಸ್ತ್ರದ ವಿಷಯ ತಿಳಿಸಿದೆ.

ಅವಳು ಬುಟ್ಟಿ ಕೆಳಗಿಟ್ಟಳು. “ನಮ್ಮಂಥೋರ ಇಸ್ಯ ಏನಾದ್ರೂ ಅಂದವ್ನಾ ಮೇಷ್ಟ್ರೇ ನಿಮ್ ದೇವ್ರು? ಒಸಿ ನೋಡಿ ಯೋಳಿ.”

ಮನೆಗೆ ಬಂದು ಪುಸ್ತಕ ತೆರೆದೆ. ಹುಡುಕುವ ಶ್ರಮವೇ ಬೀಳಲಿಲ್ಲ. ಅದೇ ಅಧ್ಯಾಯ, ಹತ್ತು ವಾಕ್ಯ ಮೇಲೆ: ಹೊಲದ ಅಂಚನ್ನು ಕೊಯ್ಯಬೇಡ, ಉದುರಿದ್ದನ್ನು ಆಯಬೇಡ, ಬಡವರಿಗೆ ಬಿಡು ಎಂಬ ಅರ್ಥದ ಮಾತು. ಅದನ್ನೂ ಅಂದೇ ಓದಿದ್ದೆ, ಗಟ್ಟಿಯಾಗಿಯೇ. ಹೆದರಿಸುವಂಥದ್ದು ಏನೂ ಕಾಣದೆ ಮುಂದೆ ಹೋಗಿದ್ದೆ.

ರತ್ನಮ್ಮನಿಗೆ ಓದಿ ತೋರಿಸಿದೆ. ಅವಳು ಮೊರದ ತುಂಬ ರಾಗಿ ಅಳೆದು ನನ್ನ ಕೈಗಿಟ್ಟಳು. “ಹೋಗಿ ಕೊಡಿ. ಏನ್ ಬರ್ದದೆ ಅಂತ ಅವ್ಳಿಗೂ ಓದಿ ಹೇಳಿ.”

ಮುನಿಯಮ್ಮನ ಗುಡಿಸಲು ನಮ್ಮ ಮನೆಯಿಂದ ಕೂಗಳತೆ. ಅಷ್ಟು ದಾರಿ ನಡೆಯುವಾಗ ಆದ ಭಯ, ದೇವರ ಮುಂದೆ ಮೊಣಕಾಲೂರಿದಾಗಲೂ ಆಗಿದ್ದಿಲ್ಲ.