ಹಣೆ ನೆಲಕ್ಕೆ ತಾಗಿದಾಗ

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವವರೆಗೆ ನನ್ನ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಮಾತು ಕೊಟ್ಟಿದ್ದರು. ಅದನ್ನು ನಂಬಿಕೊಂಡೇ ಬೆಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ಸಂಕ್ರಾಂತಿಗೆಂದು ದೇವನಹಳ್ಳಿಗೆ ಬಂದಿದ್ದೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ.

ನಡುಮನೆಯಲ್ಲಿ ಹೊಸಕೋಟೆಯಿಂದ ಬಂದ ಹಿರಿಯರಿಬ್ಬರು ಕೂತಿದ್ದರು. ಮುಂದೆ ಚಕ್ಕೋತದ ತೊಳೆ ಬಿಡಿಸಿಟ್ಟ ತಟ್ಟೆ.

"ನಮ್ಮ ಹಳೇ ಸ್ನೇಹಿತರು ಕಣಮ್ಮ, ನಮಸ್ಕಾರ ಮಾಡು," ಎಂದರು ಅಪ್ಪ.

ನಮ್ಮ ಮನೆಯ ಹೆಣ್ಣುಮಕ್ಕಳು ಮಾಡುವಂತೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದೆ. ಗಾರೆ ತಣ್ಣಗಿತ್ತು. ತಲೆಯ ಮೇಲೆಲ್ಲೋ ತಟ್ಟೆಗಳ ಸದ್ದಾಯಿತು, ವೀಳ್ಯದೆಲೆಯ ಘಮ ಬಂತು. ಎದ್ದು ನೋಡಿದರೆ ತಾಂಬೂಲ ಬದಲಾಗಿತ್ತು. ಅವರ ಮನೆಯ ಹುಡುಗನೊಂದಿಗೆ ನನ್ನ ಮದುವೆ ಗೊತ್ತಾಗಿತ್ತು.

"ಹುಡುಗಿ ಒಪ್ಪಿಗೆ?" ಎಂದರು ಒಬ್ಬರು.

"ನಮಸ್ಕಾರಾನೇ ಮಾಡ್ಬಿಟ್ಳಲ್ಲ, ಇನ್ನೇನು ಬೇಕು?" ಅಪ್ಪ ನಕ್ಕರು. ನನ್ನತ್ತ ನೋಡಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಒಲೆ ಊದುತ್ತಲೇ, "ನಂಗೂ ಬೆಳಿಗ್ಗೆ ತಾನೇ ಹೇಳಿದ್ದು ಕಣೇ," ಎಂದಳು.

ಓದು ಅಲ್ಲಿಗೇ ನಿಂತಿತು; ನನ್ನ ಪೆಟ್ಟಿಗೆ ತರಲು ಹಾಸ್ಟೆಲಿಗೆ ಹೋದೆ. ಚೀನಾದಲ್ಲಿ ಬಹಳ ವರ್ಷ ಪಾಠ ಹೇಳಿ, ಯುದ್ಧದಿಂದಾಗಿ ನಮ್ಮಲ್ಲಿಗೆ ಬಂದಿದ್ದ ವಯಸ್ಸಾದ ಮದರ್ ನನ್ನ ಕಥೆ ಕೇಳುತ್ತಾ ಲಂಗಗಳನ್ನು ಮಡಿಸಿಕೊಟ್ಟರು. ಆಮೇಲೆ ಚೀನೀಯರ ಕೌಟೌ ಎಂಬ ನಮಸ್ಕಾರದ ಬಗ್ಗೆ ಹೇಳಿದರು. ಆ ಪದದ ಅರ್ಥವೇ ತಲೆ ಬಡಿಯುವುದಂತೆ. ಅಲ್ಲಿ ಮಕ್ಕಳು ತಂದೆತಾಯಿಗೆ, ಶಿಷ್ಯರು ಗುರುವಿಗೆ, ಮನೆಯವರೆಲ್ಲ ತೀರಿಕೊಂಡ ಹಿರಿಯರಿಗೆ ಹಾಗೆ ಬಾಗುತ್ತಾರೆ. ಅದು ಗೌರವ, ಋಣ. ಚಕ್ರವರ್ತಿ ಇದ್ದ ಕಾಲದಲ್ಲಿ ಅವನ ಮುಂದೆ ಮೂರು ಸಲ ಮಂಡಿಯೂರಿ, ಪ್ರತಿ ಸಲವೂ ಮೂರು ಬಾರಿ ಹಣೆ ಮುಟ್ಟಿಸಬೇಕಿತ್ತು. ಇಂಗ್ಲೆಂಡಿನಿಂದ ಹೋದ ರಾಯಭಾರಿಯೊಬ್ಬ ಒಲ್ಲೆನೆಂದು ಒಂದೇ ಮಂಡಿ ಊರಿದನಂತೆ. ಹಣೆ ತಾಗಿದರೆ ತನ್ನ ದೊರೆಯೂ ಅವರ ಅಡಿಯಾಳೆಂದು ಒಪ್ಪಿದಂತಾಗುತ್ತದೆ ಎಂಬ ಹೆದರಿಕೆ ಅವನಿಗೆ.

ಆ ರಾಯಭಾರಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಬಾಗಿದರೆ ಏನಾಗುತ್ತದೆಂದು ಅವನಿಗೆ ಮೊದಲೇ ತಿಳಿದಿತ್ತು. ನನಗೆ ಹೇಳಬೇಕಾದವರು ಪಕ್ಕದಲ್ಲೇ ನಿಂತು ಸುಮ್ಮನಿದ್ದರು. ಬೇರೆ ಯಾರು ಹೇಳಿದ್ದರೂ ಕಾರಣ ಕೇಳುತ್ತಿದ್ದೆನೇನೋ. ಅಪ್ಪ ಹೇಳಿದರೆಂದು ಬಾಗಿದ್ದೆ.

ಪರೀಕ್ಷೆಯ ತಿಂಗಳಲ್ಲೇ ಮದುವೆಯಾಯಿತು. ಧಾರೆ ಮುಗಿದ ಮೇಲೆ ಅಪ್ಪನ ಮುಂದೆ ಮಂಡಿಯೂರಿದೆ. ಅಂಗೈಗಳಷ್ಟೇ ನೆಲ ಮುಟ್ಟಿದವು. ಅಕ್ಷತೆ ಹಿಡಿದ ಅಪ್ಪನ ಕೈ ಅಲ್ಲೇ ನಿಂತಿತು.

"ಸರಿಯಾಗಿ ಮಾಡಮ್ಮ, ಎಲ್ಲಾ ನೋಡ್ತಿದ್ದಾರೆ," ಎಂದರು ಮೆಲ್ಲಗೆ.

"ನೀವು ನೋಡಿದ್ರಲ್ಲಪ್ಪ, ಸಾಕು," ಎಂದು ಎದ್ದು ಅಮ್ಮನ ಕಡೆ ತಿರುಗಿದೆ.