ಎರಡು ದಡ, ಒಂದೇ ಗಂಟು

ಮೇ ತಿಂಗಳ ಬೆಳಗು, ಐದು ಗಂಟೆ. ಗಂಗೆಯ ಆಚೆ ದಡದ ಮರಳಿನಲ್ಲಿ ಸತ್ತ ನರಿಯೊಂದನ್ನು ಮಹಾಂತಯ್ಯ ಗೋಣಿಚೀಲಕ್ಕೆ ಸೇರಿಸುತ್ತಿದ್ದಾರೆ. ಬೇರೆ ದಿನವಾದರೆ ಅಲ್ಲೇ ಕೂತು ಅದರ ಹೊಟ್ಟೆ ಬಗೆಯುತ್ತಿದ್ದರು. ಇವತ್ತು ಪುರುಸೊತ್ತಿಲ್ಲ. ಈಚೆ ದಡದಲ್ಲಿ, ಕಾಶಿಯ ಅಸ್ಸಿ ಘಾಟಿನ ಹಿಂದೆ, ಲಾರಿಗೆ ಸಿಕ್ಕಿದ ಇನ್ನೊಂದು ನರಿ ಬಿದ್ದಿದೆ. ಬಿಸಿಲೇರಿದರೆ ಎರಡೂ ಕೆಡುತ್ತವೆ.

"ಮಣಿಕರ್ಣಿಕಾ ಘಾಟಿನಲ್ಲಿ ಮನುಷ್ಯರ ಸಂಸ್ಕಾರ, ಇಲ್ಲಿ ನರಿಗಳದ್ದು. ದಕ್ಷಿಣೆ ಯಾರು ಕೊಡ್ತಾರೆ ಸ್ವಾಮೀಜಿ?" ದೋಣಿಯ ರಾಮಧನಿ ಹಿಂದಿಯಲ್ಲಿ ಕೆಣಕುತ್ತಾನೆ.

"ನೀ ಹುಟ್ಟು ಹಾಕಪ್ಪ ಮೊದಲು."

ಐವತ್ತೆರಡರ ಮಹಾಂತಯ್ಯ ಗದಗದ ಕಡೆಯವರು. ಹದಿನಾರಕ್ಕೆ ಕಾಶಿಯ ಮಠಕ್ಕೆ ಹೂ ಕಟ್ಟಲು ಬಂದವರು, ಈಗ ಕಾಶಿಯದೇ ಲಂಕಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ ಅಟೆಂಡರ್. ನರಿಯ ಕೆಲಸ ಹಿಡಿದ ಮೇಲೆ ಮಠದಲ್ಲಿ ಯಾರೂ ಏನೂ ಅನ್ನಲಿಲ್ಲ. ಹೂವಿನ ಬುಟ್ಟಿ ಅವರ ಮುಂದೆ ಬರುವುದು ಮಾತ್ರ ಒಂದು ದಿನ ನಿಂತುಹೋಯಿತು. ಹೆಂಡತಿ ಸಂಗಮ್ಮ ಇಂದಿಗೂ ಬಾಗಿಲಲ್ಲೇ ನೀರು ಹೊಯ್ದು ಒಳಗೆ ಬಿಡುತ್ತಾರೆ.

ಧಾರವಾಡದಿಂದ ಆ ವಿಶ್ವವಿದ್ಯಾಲಯಕ್ಕೆ ಬಂದ ಸಂಶೋಧಕಿ ಡಾ. ವಿಜಯಾ ಅವರಿಗೆ ಒಂದೇ ಪ್ರಶ್ನೆ: ಎರಡೂ ದಡದ ನರಿಗಳ ಕರುಳಿನ ಕೊಕ್ಕೆಹುಳುಗಳು ಒಂದೇ ಬಳಗವೋ, ಅಥವಾ ನದಿ ಅವನ್ನೂ ಬೇರೆ ಮಾಡಿದೆಯೋ? ಹುಳು ಅರೆದು, ರಸಕ್ಕೆ ಕರೆಂಟು ಹಾಯಿಸಿದರೆ ಮೂಡುವ ಪಟ್ಟೆಗಳಲ್ಲಿ ವಂಶದ ಗುರುತಿದೆ. ದಡಕ್ಕೆ ಇಪ್ಪತ್ತು ನರಿ ಬೇಕು. ಮೂರು ವರ್ಷದಲ್ಲಿ ಸಿಕ್ಕಿದ್ದು ಹತ್ತೊಂಬತ್ತು, ಹತ್ತೊಂಬತ್ತು. ಶನಿವಾರ ಯೋಜನೆಯ ಅವಧಿ ಮುಗಿಯುತ್ತದೆ. ಇವತ್ತು ಗುರುವಾರ.

ಐಸ್ ನೀರಿಗೆ ಚೀಟಿಯ ಶಾಯಿ ನಿಲ್ಲುವುದಿಲ್ಲ. ಅದಕ್ಕೇ ಮಹಾಂತಯ್ಯ ಹುಳು ತುಂಬಿದ ಕೊಳವೆಗಳಿಗೆ, ಲಿಂಗ ಕಟ್ಟುವ ಶಿವದಾರ ಸುತ್ತುತ್ತಾರೆ. ಈಚೆ ದಡಕ್ಕೆ ಒಂದು ಗಂಟು, ಆಚೆಗೆ ಎರಡು. ಕೂತ ದಡದ ಗಂಟು ಹೂ ಕಟ್ಟಿದ ಬೆರಳಿಗೆ ತಾನಾಗಿ ಬರುತ್ತದೆ.

ಅಸ್ಸಿಯಲ್ಲಿ ಎರಡೂ ನರಿಗಳ ಕೆಲಸ ಮುಗಿಸಿ, ಐಸ್ ಪೆಟ್ಟಿಗೆಯನ್ನು ಸೈಕಲ್ಲಿಗೆ ಬಿಗಿದು, ಎಂಟಕ್ಕೆ ಪ್ರಯೋಗಾಲಯ ಸೇರುತ್ತಾರೆ. ವಿಜಯಾ ಮುಚ್ಚಳ ತೆಗೆದವರು ಹಾಗೇ ನಿಲ್ಲುತ್ತಾರೆ.

ಎರಡು ಕೊಳವೆ. ಎರಡಕ್ಕೂ ಒಂದೇ ಗಂಟು.

ಮಹಾಂತಯ್ಯನವರಿಗೆ ತಕ್ಷಣ ಹೊಳೆಯುತ್ತದೆ. ಒಂದು ನರಿ ಆಚೆಯದು; ಕೊಯ್ಯಲು ಕೂತದ್ದು ಈಚೆ. ಕೈ ಈಚೆಯ ಗಂಟನ್ನೇ ಹಾಕಿದೆ.

"ಆಚೀ ದಂಡೀದು ಯಾವುದ್ರಿ?" ವಿಜಯಾ ಕೇಳುತ್ತಾರೆ.

ಮಹಾಂತಯ್ಯ ಎರಡೂ ಗಂಟುಗಳನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಪೆಟ್ಟಿಗೆಯಲ್ಲಿ ಐಸ್ ಕರಗುತ್ತಿದೆ.

"ಸ್ವಲ್ಪ ನೆನಪ ಮಾಡ್ಕೋರಿ, ಮಹಾಂತಯ್ಯನವರ. ಇವೆರಡು ಸೇರಿದ್ರ ಇವತ್ತಿಗೆ ಮುಗೀತದ."

"ಬಲಗಡೀದು ಅನಸ್ತದ್ರಿ."

ವಿಜಯಾ ಪೆನ್ನು ತೆಗೆಯುತ್ತಾರೆ.

"ಬರೀಬ್ಯಾಡ್ರಿ ಮೇಡಂ," ಮಹಾಂತಯ್ಯ ತಡೆಯುತ್ತಾರೆ. "ಅನಸ್ತದ ಅಂದೆ. ಗೊತ್ತೈತಿ ಅನ್ನಲಿಲ್ಲ."

ಪೆನ್ನು ಬಹಳ ಹೊತ್ತು ಕಾಗದದ ಮೇಲೇ ಇರುತ್ತದೆ. ಆಮೇಲೆ ವಿಜಯಾ ಎರಡೂ ಕೊಳವೆಗಳನ್ನು ಬದಿಗಿಡುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೆಂದು ಮಹಾಂತಯ್ಯ ಆಮೇಲೆ ಹೇಳುತ್ತಾರೆ.

ಕೈ ತೊಳೆದು ಬಂದವರು ಹೊಸ ದಾರ ಕತ್ತರಿಸಿ, ಗಂಟು ಹಾಕದೆ ಜೇಬಿಗಿಡುತ್ತಾರೆ. ಇನ್ನು ಮೇಲೆ ಗಂಟು ನರಿ ಬಿದ್ದ ಜಾಗದಲ್ಲೇ, ಚಾಕು ಮುಟ್ಟುವ ಮೊದಲು. ನಾಳೆ ನಾಲ್ಕೂವರೆಗೆ ಬರಬೇಕೆಂದು ರಾಮಧನಿಗೆ ಹೇಳಿ ಕಳಿಸಿದ್ದಾರೆ.

"ಶನಿವಾರದೊಳಗ ನರಿ ಸಿಗದಿದ್ರ?" ವಿಜಯಾ ತಲೆಯೆತ್ತದೆ ಕೇಳುತ್ತಾರೆ.

"ಹತ್ತೊಂಬತ್ತು ಅಂತನ ಬರೀರಿ, ಮೇಡಂ. ಆ ಹತ್ತೊಂಬತ್ತು ಯಾವ ದಂಡೀವು ಅಂತ ನನಗ ಗೊತ್ತೈತಿ."